ಕೋಟೆಗೆ ಹೋದರೆ ಮೊದಲು ನೀರು ಹುಡುಕಿ

ನಮ್ಮ ತಂದೆ ಸಕಲೇಶಪುರದಲ್ಲಿ ಗಾರೆ ಮೇಸ್ತ್ರಿ. ಕಾಫಿ ತೋಟದ ಹಳೆಯ ಬಂಗಲೆಗಳಲ್ಲಿ ಸುಣ್ಣದ ಗೋಡೆ ಬಿರುಕು ಬಿಟ್ಟರೆ ಅವರಿಗೇ ಹೇಳಿ ಕಳುಹಿಸುತ್ತಿದ್ದರು. ಅವರು ನನ್ನನ್ನು ಮಂಜರಾಬಾದ್ ಕೋಟೆಗೆ ಮೊದಲ ಸಲ ಕರೆದುಕೊಂಡು ಹೋದಾಗ ನನಗೆ ಒಂಬತ್ತು ವರ್ಷ. ಬಾಗಿಲು ದಾಟಿದ್ದೇ ತಡ, ಗೋಡೆ ಹತ್ತಲು ಓಡಿದೆ. ಹಿಂದಕ್ಕೆ ಕರೆದು, ‘ಮೊದಲು ನೀರೆಲ್ಲಿದೆ ಹುಡುಕು. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದರು.

ಈಗ ನನಗೆ ಐವತ್ತಮೂರು. ನನ್ನದೂ ಅದೇ ಕಸುಬು, ಆದರೆ ಸುಣ್ಣಕ್ಕಿಂತ ಸಿಮೆಂಟೇ ಹೆಚ್ಚು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೋಟೆ, ಪಾಳು ಗುಡಿ, ಹಳೆಯ ಕಲ್ಯಾಣಿಗಳಿಗೆ ವರ್ಷಕ್ಕೆ ಏಳೆಂಟು ಸಲವಾದರೂ ಹೋಗುತ್ತೇನೆ. ಜೊತೆಗೆ ಬರುವ ನೆಂಟರು, ಮಕ್ಕಳ ಸ್ನೇಹಿತರು ಎಲ್ಲರೂ ಕೇಳುವುದು ಒಂದೇ: ‘ಬರೀ ಕಲ್ಲು ಬಿದ್ದಿದೆ, ಇದರಲ್ಲಿ ನೋಡುವುದೇನು?’ ತಂದೆ ಹೇಳಿದ ಮಾತಿಗಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಕೋಟೆ ಉಳಿಯುತ್ತಿದ್ದುದು ಗೋಡೆಯ ದಪ್ಪದಿಂದ ಮಾತ್ರವಲ್ಲ, ಒಳಗಿನ ನೀರು ಎಷ್ಟು ದಿನ ಬರುತ್ತದೆ ಎನ್ನುವುದರಿಂದ. ನೀರು ಎಲ್ಲಿದೆ ಎಂದು ತಿಳಿದ ಮೇಲೆ ಅಡುಗೆ ಎಲ್ಲಿ, ಕುದುರೆ ಎಲ್ಲಿ, ಕಾವಲು ಎಲ್ಲಿ ಎಂದು ಊಹಿಸಬಹುದು. ಬರೀ ಕಲ್ಲಿನ ರಾಶಿಯಲ್ಲಿ ಆಗ ಮನುಷ್ಯರು ಓಡಾಡತೊಡಗುತ್ತಾರೆ.

ಯಾವಾಗ ಹೋಗಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಯಲ್ಲಿ ಮಲೆನಾಡು ಚೆಂದ ಎನ್ನುವುದು ನಿಜ. ಆದರೆ ಕೋಟೆಯ ಕಲ್ಲಿನ ಮೇಲೆ ಆಗ ಹಾವಸೆ ಕಟ್ಟಿರುತ್ತದೆ, ಕಾಲಿಟ್ಟರೆ ಎಣ್ಣೆ ಸವರಿದ ಹಂಚಿನ ಮೇಲೆ ಇಟ್ಟಂತೆ. ಮೇಲಾಗಿ ಮಂಜು ಮುಸುಕಿದರೆ ಹತ್ತು ಅಡಿ ಆಚೆ ಗೋಡೆ ಮುಗಿದು ಪ್ರಪಾತ ಶುರುವಾಗಿದೆ ಎಂಬುದೂ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೋಳು ಗುಡ್ಡದ ನೆತ್ತಿಯಲ್ಲಿ ಇರಬೇಡಿ. ಗುಡುಗು ಸಿಡಿಲು ಹೇಳಿ ಕೇಳಿ ಬರುವುದಿಲ್ಲ. ನನ್ನ ಮೆಚ್ಚಿನ ಕಾಲ ದೀಪಾವಳಿ ಕಳೆದ ಮೇಲಿನ ಮೂರು ವಾರ. ಹುಲ್ಲು ಇನ್ನೂ ಹಸಿರು, ಆಕಾಶ ತೊಳೆದಂತೆ, ಕೊಳದಲ್ಲಿ ನೀರು. ಬೇಸಿಗೆಯಲ್ಲಿ ಒಣಗಿದ ಕೊಳ ನೋಡಿದರೆ ನಾನು ಹೇಳುವ ಅರ್ಧ ಮಾತು ನಿಮಗೆ ತಲುಪುವುದಿಲ್ಲ.

ತೆಗೆದುಕೊಂಡು ಹೋಗಬೇಕಾದ್ದು ಕಡಿಮೆ. ಹಿಡಿತ ಇರುವ ಬೂಟು, ಎರಡು ಲೀಟರ್ ನೀರು, ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಒಂದು ಅಳತೆ ಟೇಪು, ಸಣ್ಣ ಟಾರ್ಚು. ಜೊತೆಗೆ ಎಲೆ ಅಡಿಕೆಯವರು ಇಟ್ಟುಕೊಳ್ಳುವಂಥ ಸುಣ್ಣದ ಡಬ್ಬಿ. ಅದು ಇಂಬಳಕ್ಕೆ, ಎಂದರೆ ರಕ್ತ ಹೀರುವ ಜಿಗಣೆಗೆ. ಅಕ್ಟೋಬರ್‌ನಲ್ಲೂ ನೆರಳಿನ ದಾರಿಯಲ್ಲಿ ಇಂಬಳ ಇರುತ್ತದೆ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಬೆರಳ ತುದಿಯಷ್ಟು ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ಉಪ್ಪು, ಹೊಗೆಸೊಪ್ಪಿನ ನೀರು ಕೂಡ ನಡೆಯುತ್ತದೆ.

ಇನ್ನು ಮಂಜರಾಬಾದ್. ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್. ಅಲ್ಲೇ ರಸ್ತೆಯ ಪಕ್ಕದ ಗುಡ್ಡದ ಮೇಲೆ ಕೋಟೆ. ಬಸ್ಸಿನವರಿಗೆ ಹೇಳಿದರೆ ಇಳಿಸುತ್ತಾರೆ. ಹಾಸನದಿಂದ ಬರುವವರು ರೈಲಿನಲ್ಲಿ ಸಕಲೇಶಪುರಕ್ಕೆ ಬಂದು ಆಟೋ ಹಿಡಿಯಬಹುದು. ಕೊನೆಯಲ್ಲಿ ಸುಮಾರು 250 ಮೆಟ್ಟಿಲು. ಬೆಳಗ್ಗೆ ಎಂಟಕ್ಕೆ ಅಲ್ಲಿದ್ದರೆ ಒಳ್ಳೆಯದು. ಓರೆ ಬಿಸಿಲಿನಲ್ಲಿ ಗೋಡೆಯ ಪ್ರತಿ ಕಲ್ಲಿನ ಅಂಚೂ ಎದ್ದು ಕಾಣುತ್ತದೆ, ಹನ್ನೊಂದಾದರೆ ಎಲ್ಲವೂ ಚಪ್ಪಟೆ.

ಬಾಗಿಲು ದಾಟಿ ನೇರವಾಗಿ ನಡುವಿಗೆ ನಡೆಯಿರಿ. ಶಿಲುಬೆಯಾಕಾರದ ಕೊಳ ಸಿಗುತ್ತದೆ. ನಾಲ್ಕು ಕಡೆಯಿಂದ ಕಲ್ಲಿನ ಮೆಟ್ಟಿಲು ಕೆಳಗಿಳಿಯುತ್ತದೆ. ದಂಡೆಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಕೋಟೆಯ ನೆತ್ತಿ ಸಮುದ್ರಮಟ್ಟದಿಂದ 988 ಮೀಟರ್. ಇಷ್ಟು ಎತ್ತರದ ಒಂಟಿ ಗುಡ್ಡದ ತಲೆಯ ಮೇಲೆ ಹೊಳೆಯಿಲ್ಲ, ತೊರೆಯಿಲ್ಲ. ಮಲೆನಾಡಿನ ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟುಕೊಂಡು ಉಳಿದ ಎಂಟು ತಿಂಗಳು ದಾಟಿಸಬೇಕಾದ ಲೆಕ್ಕ ಇಲ್ಲಿದೆ. ನಾಲ್ಕೂ ದಿಕ್ಕಿಗೆ ಮೆಟ್ಟಿಲು ಏಕೆ ಎಂದು ಮಕ್ಕಳನ್ನು ಕೇಳಿ. ನನ್ನ ಮಗಳು ಏಳನೇ ತರಗತಿಯಲ್ಲಿದ್ದಾಗ ಕೊಟ್ಟ ಉತ್ತರ ನನಗೆ ಇಷ್ಟ: ‘ಯಾವ ಮೂಲೆಯ ಸಿಪಾಯಿಯೂ ಸುತ್ತು ಹಾಕಬೇಕಾಗಿಲ್ಲ, ಸಾಲಿನಲ್ಲಿ ಕಾಯಬೇಕಾಗಿಲ್ಲ.’ ಚಿಕ್ಕ ಮಕ್ಕಳ ಕೈ ಮಾತ್ರ ಬಿಡಬೇಡಿ, ನೀರಿನ ಅಂಚು ಜಾರುತ್ತದೆ.

ಕೊಳದ ಪಕ್ಕದಲ್ಲೇ ನೆಲದೊಳಕ್ಕೆ ಇಳಿದಂತಿರುವ ಎರಡು ಕೋಣೆಗಳಿವೆ. ಮದ್ದಿನ ಮನೆ ಎನ್ನುತ್ತಾರೆ, ಎಂದರೆ ಸಿಡಿಮದ್ದು ಇಡುತ್ತಿದ್ದ ಜಾಗ. ಟಾರ್ಚು ತೆಗೆಯುವುದು ಇಲ್ಲಿ. ಹೊರಗೆ ಬೆವರು ಸುರಿಸಿ ಬಂದವರಿಗೆ ಒಳಗೆ ಕಾಲಿಟ್ಟ ಕೂಡಲೇ ಮೈ ತಣ್ಣಗಾಗುತ್ತದೆ. ಕೈಯನ್ನು ಗೋಡೆಗೆ ಒತ್ತಿ ಹಿಡಿದು ನೋಡಿ. ಗಾರೆಯ ಗೋಡೆ ತಣ್ಣಗಿರುತ್ತದೆ, ಆದರೆ ಸಿಮೆಂಟಿನ ಗೋಡೆಯಂತೆ ಬೆವರುವುದಿಲ್ಲ; ತೇವ ಕುಡಿದು ನಿಧಾನವಾಗಿ ಬಿಟ್ಟುಕೊಡುವುದು ಸುಣ್ಣದ ಗುಣ. ಈ ಗುಣವನ್ನು ಬಲ್ಲವರು ಕಟ್ಟಿದ್ದಾರೆ.

ಅದು ಗೊತ್ತಾದ ಮೇಲೆ ಗೋಡೆಗೆ ಹೋಗೋಣ. ಮಂಜರಾಬಾದ್ ನಕ್ಷತ್ರದ ಆಕಾರದ ಕೋಟೆ, ಎಂಟು ಮೊನೆ. ಟಿಪ್ಪು ಸುಲ್ತಾನ್ ಕಾಲದ್ದು, ಕಟ್ಟಿ ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರ್, ಕೊಡಗು ಎರಡೂ ಅವನ ಕೈತಪ್ಪಿದವು. ಕೊಡಗಿನ ಗಡಿ ಇಲ್ಲಿಂದ ದೂರವಿಲ್ಲ, ಮಂಗಳೂರು ಬಂದರಿನ ದಾರಿ ಗುಡ್ಡದ ಬುಡದಲ್ಲೇ ಹಾದುಹೋಗುತ್ತದೆ. ಈ ಗುಡ್ಡವನ್ನೇ ಏಕೆ ಆರಿಸಿದರು ಎಂಬುದಕ್ಕೆ ಬೇರೆ ಪುಸ್ತಕ ಬೇಡ, ಗೋಡೆಯ ಪಕ್ಕ ನಿಂತು ಕೆಳಗಿನ ಹೆದ್ದಾರಿಯ ಲಾರಿಗಳನ್ನು ನೋಡಿದರೆ ಸಾಕು. ಮಂಜು ಮುಸುಕಿದ್ದನ್ನು ಕಂಡು ಟಿಪ್ಪುವೇ ‘ಮಂಜಿನ ಊರು’ ಎನ್ನುವ ಅರ್ಥದಲ್ಲಿ ಮಂಜರಾಬಾದ್ ಎಂದು ಹೆಸರಿಟ್ಟ ಎಂದು ಇಲ್ಲಿ ಹೇಳುತ್ತಾರೆ. ಅದಕ್ಕೂ ಹಿಂದೆ ಈ ಸೀಮೆಯನ್ನು ಬಲಂ ಎನ್ನುತ್ತಿದ್ದರು, ಐಗೂರಿನ ಪಾಳೇಗಾರರ ನಾಡು.

ನಕ್ಷತ್ರ ಏಕೆ ಎಂದು ತಿಳಿಯಬೇಕಾದರೆ ಒಂದು ಮೊನೆಯ ತುದಿಗೆ ಹೋಗಿ, ಪಕ್ಕದ ಮೊನೆಯ ಕಡೆಗೆ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ. ಗೋಡೆಯ ಬುಡದವರೆಗೂ ಕಾಣುತ್ತದೆ. ನಮ್ಮ ಹಳೆಯ ಕೋಟೆಗಳ ದುಂಡನೆಯ ಕೊತ್ತಳದಲ್ಲಿ ಹೀಗೆ ಕಾಣುವುದಿಲ್ಲ. ಶತ್ರು ಕೊತ್ತಳದ ಬುಡಕ್ಕೆ ಅಂಟಿಕೊಂಡು ನಿಂತರೆ ಮೇಲಿರುವವರ ಗುಂಡು ತಾಗದ ಒಂದು ಮರೆ ಉಳಿಯುತ್ತದೆ. ಫಿರಂಗಿ ಬಂದ ಮೇಲೆ ಆ ಮರೆಯೇ ಕೋಟೆಯನ್ನು ಕೊಲ್ಲತೊಡಗಿತು. ಯುರೋಪಿನಲ್ಲಿ ಇದಕ್ಕೆ ಮೊನಚು ಮೊನಚಾದ ಕೋಟೆಯ ನಕ್ಷೆ ಹುಟ್ಟಿಕೊಂಡಿತು. ಫ್ರಾನ್ಸಿನ ವೋಬಾನ್ ಎಂಬ ಸೇನಾ ಎಂಜಿನಿಯರ್, 1633ರಿಂದ 1707ರವರೆಗೆ ಬದುಕಿದ್ದವನು, ಅದನ್ನು ಪಳಗಿಸಿದ. ಒಂದು ಮೊನೆಯವರು ಪಕ್ಕದ ಮೊನೆಯ ಬುಡವನ್ನು ಕಾಯುವುದೇ ಅದರ ಗುಟ್ಟು. ಆ ವಿದ್ಯೆ ಅಷ್ಟು ದೂರದಿಂದ ಬಂದು ನಮ್ಮ ದೋಣಿಗಾಲಿನ ಗುಡ್ಡದ ಮೇಲೆ, ನಮ್ಮ ಕಲ್ಲು ನಮ್ಮ ಸುಣ್ಣದಲ್ಲಿ ನಿಂತಿದೆ ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ನಕ್ಷೆ ಯಾರದೇ ಇರಲಿ, ಕಲ್ಲು ಹೊತ್ತು ಈ ಮೆಟ್ಟಿಲು ಹತ್ತಿದವರು ಈ ಸೀಮೆಯ ಕೂಲಿಯವರೇ ಇರಬೇಕು.

ಗುಂಡು ಹಾರಿಸುವ ಕಂಡಿಗಳಲ್ಲಿ ಕೈ ಇಟ್ಟು ನೋಡಿ, ಒಳಗೆ ಅಗಲ, ಹೊರಗೆ ಕಿರಿದು. ಗೋಡೆಗೆ ಒತ್ತಿಕೊಂಡಿರುವ ಕೋಣೆಗಳು ಇಟ್ಟಿಗೆಯವು. ಇಟ್ಟಿಗೆ ಇಂದಿನದಕ್ಕಿಂತ ತೆಳು. ನೆಲದ ಮೇಲೆ ತಾನಾಗಿ ಉದುರಿ ಬಿದ್ದ ಗಾರೆಯ ಚೂರು ಎಲ್ಲಾದರೂ ಸಿಕ್ಕರೆ (ಗೋಡೆಯಿಂದ ಕೀಳಬೇಡಿ) ಬೆರಳಿನಲ್ಲಿ ಉಜ್ಜಿ. ಮರಳಿನ ನಡುವೆ ರಾಗಿಕಾಳಿನಷ್ಟು ಬಿಳಿ ಚುಕ್ಕೆಗಳು ಕಾಣುತ್ತವೆ. ಅದು ಪೂರ್ತಿ ಅರೆಯದೆ ಉಳಿದ ಸುಣ್ಣ. ಹಿಂದೆ ಸುಣ್ಣ, ಮರಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವುದೂ ಇತ್ತು. ತಂದೆ ಆ ಬಿಳಿ ಕಾಳನ್ನು ಉಗುರಿನಿಂದ ಒತ್ತಿ, ಅದು ಪುಡಿಯಾದದ್ದನ್ನು ನನ್ನ ಅಂಗೈಗೆ ಉದುರಿಸಿ, ‘ಎತ್ತು ಇಲ್ಲಿ ಒಂದು ಸುತ್ತು ಕಡಿಮೆ ತಿರುಗಿದೆ’ ಎಂದಿದ್ದರು. ಚೂರನ್ನು ನೋಡಿ ಅಲ್ಲೇ ಇಟ್ಟು ಬನ್ನಿ.

ಇಲ್ಲಿ ಒಂದು ನೋವಿನ ಸಂಗತಿ ಹೇಳಲೇಬೇಕು. ನನಗೆ ಇಪ್ಪತ್ತು ವರ್ಷವಾಗಿದ್ದಾಗ ಬೇರೊಂದು ಕೋಟೆಯ ಗೋಡೆಯಲ್ಲಿ ಅರಳಿ ಸಸಿ ಬೆಳೆದದ್ದನ್ನು ಕಂಡು, ಗೋಡೆಗೆ ಉಪಕಾರ ಮಾಡುತ್ತೇನೆ ಎಂದು ಎರಡೂ ಕೈಯಿಂದ ಹಿಡಿದು ಎಳೆದೆ. ಬೇರು ಬರಲಿಲ್ಲ, ಮೂರು ಕಲ್ಲು ಬಂದವು. ಶತಮಾನಗಳಿಂದ ಕುಳಿತಿದ್ದ ಕಲ್ಲುಗಳು. ಮನೆಗೆ ಬಂದು ಹೇಳಿದಾಗ ತಂದೆ ಬಯ್ಯಲಿಲ್ಲ. ಊಟದ ತಟ್ಟೆ ಬಿಟ್ಟು ಎದ್ದು ಹೋದರು. ಅರಳಿ, ಬಸರಿ, ಗೋಣಿಯ ಬೇರು ಗೋಡೆಯೊಳಗೆ ಎಲ್ಲಿಗೆ ಹೋಗಿದೆ ಎಂದು ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಅದನ್ನು ತೆಗೆಯುವುದು ಬೇರನ್ನು ಹಂತ ಹಂತವಾಗಿ ಸಾಯಿಸಿ, ಸಂದು ತುಂಬಿ ಮಾಡಬೇಕಾದ ಕೆಲಸ. ಬಲ್ಲವರಿಗೆ ಬಿಡಿ. ನೀವು ಮಾಡಬಹುದಾದದ್ದು ಗಿಡದ ಚಿತ್ರ ತೆಗೆದು ಪುರಾತತ್ವ ಇಲಾಖೆಗೆ ತಿಳಿಸುವುದು.

ಬಲ್ಲಾಳರಾಯನ ದುರ್ಗ ಬೇರೆಯೇ ಬಗೆ. ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಸುಂಕಸಾಲೆ, ಅಲ್ಲಿಂದ ನಡಿಗೆ. ಸುಮಾರು 1500 ಮೀಟರ್ ಎತ್ತರ, ಹೊಯ್ಸಳರ ಕಾಲದ ಕೋಟೆ. ಅರಣ್ಯ ಇಲಾಖೆಯ ಅನುಮತಿ ಮುಂಗಡವಾಗಿ ಆನ್‌ಲೈನಿನಲ್ಲಿ ಪಡೆದೇ ಹೊರಡಿ. ಬುಡಕ್ಕೆ ಹೋಗಿ ಜಗಳ ಮಾಡುವುದರಿಂದ ಪ್ರಯೋಜನವಿಲ್ಲ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹುಲ್ಲುಗುಡ್ಡದಲ್ಲಿ ದನ ತುಳಿದ ಹಾದಿಗಳು ಹತ್ತಾರು, ಎಲ್ಲವೂ ಕೋಟೆಗೇ ಹೋಗುವಂತೆ ಕಾಣುತ್ತವೆ.

ಹೊರಡುವ ಮೊದಲು ಊರಿನ ಹೆಸರನ್ನೇ ಒಮ್ಮೆ ಬಾಯಲ್ಲಿ ಹೇಳಿ ನೋಡಿ: ಸುಂಕಸಾಲೆ. ಸುಂಕ ಅದರಲ್ಲೇ ಇದೆ. ಘಟ್ಟದ ಮೇಲಿನ ಸರಕು ಕರಾವಳಿಗೆ, ಅಲ್ಲಿನದು ಇಲ್ಲಿಗೆ ಬರುತ್ತಿದ್ದ ನಾಡಿದು; ಘಟ್ಟದ ಅಂಚಿನ ಕೋಟೆ ಸುಮ್ಮನೆ ಅಲ್ಲಿ ಕುಳಿತಿಲ್ಲ. ಮೇಲೆ ಹತ್ತಿ ಪಡುವಣಕ್ಕೆ ನಿಂತರೆ ನೆಲ ಒಮ್ಮೆಲೇ ಮುಗಿದು ಬೆಳ್ತಂಗಡಿ ಕಡೆಯ ಕಾಡು ಕಾಲಬುಡದಲ್ಲಿ ಬಿದ್ದಿರುತ್ತದೆ. ಹತ್ತಿರದ ರಾಣಿ ಝರಿಯೂ ಅಂಥದೇ ಅಂಚು. ರಾಣಿಯೊಬ್ಬಳು ಅಲ್ಲಿಂದ ಧುಮುಕಿದಳು ಎಂಬುದು ಊರಿನ ಕಥೆ. ಎರಡೂ ಕಡೆ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಗಾಳಿ ತಳ್ಳುತ್ತದೆ, ಹುಲ್ಲು ಜಾರುತ್ತದೆ.

ಇಲ್ಲಿ ನೀರು ಹುಡುಕಲು ಮಂಜರಾಬಾದಿನಂತೆ ನಡುಮಧ್ಯಕ್ಕೆ ಹೋದರೆ ಆಗದು. ಗುಡ್ಡದ ಮಡಿಕೆಗಳನ್ನು ನೋಡಬೇಕು. ಎರಡು ಬೋಳು ಗುಡ್ಡಗಳ ಸಂದಿನಲ್ಲಿ ಕಪ್ಪು ಹಸಿರಿನ ಪಟ್ಟಿ, ಅದೇ ಶೋಲಾ ಕಾಡು, ಕಂಡರೆ ಅದರೊಳಗೆ ತೊರೆ ಇದೆ ಎಂದೇ ಅರ್ಥ. ಹುಲ್ಲು ಸ್ಪಂಜಿನಂತೆ ಮಳೆ ಹೀರಿ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತದೆ. ಅಂಥ ತೊರೆಗಳು ಕೂಡಿಯೇ ಬಂಡಾಜೆ ಅರ್ಬಿ ಎಂಬ ಜಲಪಾತವಾಗಿ ಘಟ್ಟದಿಂದ ಕೆಳಗೆ ಬೀಳುವುದು. ಕೋಟೆಯ ಗೋಡೆಯನ್ನು ನೆತ್ತಿಯಲ್ಲಿ ಕಟ್ಟಿದರೂ ಜನ ಬದುಕಿದ್ದು ಆ ಕಪ್ಪು ಪಟ್ಟಿಯನ್ನು ನಂಬಿಕೊಂಡು. ಅದಕ್ಕೇ ಅಲ್ಲಿ ಬೆಂಕಿ ಹಚ್ಚಬೇಡಿ, ಬೀಡಿಯ ತುಂಡನ್ನೂ ಎಸೆಯಬೇಡಿ. ಜನವರಿ ಕಳೆದ ಮೇಲೆ ಆ ಹುಲ್ಲಿಗೆ ಒಂದು ಕಿಡಿ ಸಾಕು.

ಉಳಿದಿರುವ ಗೋಡೆಯಲ್ಲಿ ಗಾರೆ ನನ್ನ ಕಣ್ಣಿಗೆ ಬಿದ್ದಿಲ್ಲ, ಕಲ್ಲಿನ ಮೇಲೆ ಕಲ್ಲು. ಇಂಥ ಗೋಡೆಯನ್ನು ನೋಡುವಾಗ ಕೆಳಗಿನ ಕಲ್ಲು ದೊಡ್ಡದು, ಮೇಲೆ ಹೋದಂತೆ ಚಿಕ್ಕದು ಎಂಬುದನ್ನು ಗಮನಿಸಿ. ಎರಡು ಕಲ್ಲಿನ ಸಂದು ಮೇಲಿನ ಕಲ್ಲಿನ ಹೊಟ್ಟೆಯ ಕೆಳಗೆ ಬರುವಂತೆ ಕೂರಿಸಿದ್ದಾರೆಯೇ ಎಂದು ನೋಡಿ. ಸಂದಿಗೆ ಸಂದು ನೇರ ಬಂದ ಕಡೆಯಲ್ಲೇ ಗೋಡೆ ಬಾಯಿಬಿಟ್ಟಿರುತ್ತದೆ. ಇವು ಒಂದನ್ನೊಂದು ಬರೀ ಭಾರದಿಂದ ಹಿಡಿದುಕೊಂಡಿವೆ. ಆದ್ದರಿಂದ ಇದರ ಮೇಲೆ ಹತ್ತುವುದು ಮಂಜರಾಬಾದಿನ ಗೋಡೆ ಹತ್ತುವುದಕ್ಕಿಂತ ದೊಡ್ಡ ತಪ್ಪು. ಚಿತ್ರಕ್ಕೆ ನಿಲ್ಲಬೇಕಾದರೆ ಗೋಡೆಯ ಮುಂದೆ ನಿಲ್ಲಿ.

ಕಾಡುಪ್ರಾಣಿಗಳ ಮಾತು. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಆನೆ ಇರುವುದು ಎಲ್ಲರಿಗೂ ಗೊತ್ತು. ಕಾಟಿ ಎಂದು ನಾವು ಕರೆಯುವ ಕಾಡುಕೋಣವೂ ಇದೆ. ಬೆಳಗ್ಗೆ ಚಹಾದಂಗಡಿಯಲ್ಲಿ ‘ಇವತ್ತು ಆನೆ ಎಲ್ಲಿವೆ?’ ಎಂದು ಕೇಳಲು ಸಂಕೋಚಪಡಬೇಡಿ. ತೋಟದ ಕೆಲಸಗಾರರಿಗೆ ಗೊತ್ತಿರುತ್ತದೆ. ಸಂಜೆ ನಾಲ್ಕಕ್ಕೆ ಇಳಿಯಲು ಶುರು ಮಾಡಿ, ಕತ್ತಲಾಗುವ ಮೊದಲು ರಸ್ತೆಯಲ್ಲಿರಿ.

ಮೂಡಿಗೆರೆ ತಾಲ್ಲೂಕಿನದೇ ಆದ ಅಂಗಡಿ ಗ್ರಾಮಕ್ಕೆ ಒಂದು ಅರ್ಧ ದಿನ ಕೊಡಿ. ಹಿಂದಿನ ಹೆಸರು ಸೊಸೆವೂರು. ಸುದತ್ತ ಮುನಿ ‘ಪೊಯ್ ಸಳ’ ಎಂದ, ಸಳ ಹುಲಿಯನ್ನು ಹೊಡೆದ ಎಂಬ ಕಥೆಯ ಊರು, ಹೊಯ್ಸಳರ ತವರು. ವಸಂತಿಕಾ ದೇವಿಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ; ಬಸದಿಗಳು, ಪಾಳುಬಿದ್ದ ಗುಡಿಗಳು ಮರಗಿಡಗಳ ನಡುವೆ ಇವೆ. ಬೇಲೂರಿನ ವೈಭವ ನೋಡಿ ಬಂದವರಿಗೆ ಇಲ್ಲಿ ಏನೂ ಇಲ್ಲ ಎನಿಸಬಹುದು. ನನಗೆ ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ: 1117ರಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸುವಷ್ಟು ಬೆಳೆದ ಮನೆತನ ಎದ್ದದ್ದು ಈ ಕಾಡಿನ ನಡುವಿನ ಸಣ್ಣ ಊರಿನಿಂದ. ತೋಟದೊಳಗಿನ ದಾರಿ ಹಿಡಿಯುವುದಾದರೆ ಕೇಳಿಯೇ ಹೋಗಿ. ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣಗೋಲು ತೆಗೆದರೆ ಮತ್ತೆ ಹಾಕಿ.

ಹಳೇಬೀಡಿಗೆ ಎಲ್ಲರೂ ಹೋಗುತ್ತಾರೆ. ಹೊಯ್ಸಳೇಶ್ವರ ನೋಡಿ, ಎಳನೀರು ಕುಡಿದು, ವಾಹನ ಹತ್ತುತ್ತಾರೆ. ಆದರೆ ಅದು ಒಂದು ಗುಡಿಯಲ್ಲ, ದೋರಸಮುದ್ರ ಎಂಬ ರಾಜಧಾನಿ. ಹೆಸರಿನಲ್ಲಿರುವ ‘ಸಮುದ್ರ’ ಎಂದರೆ ಕೆರೆ. ಗುಡಿಯ ಎದುರಿಗೇ ಆ ಕೆರೆ ಇದೆ, ಏರಿಯ ಮೇಲೆ ನಡೆಯಿರಿ. ಊರಿನ ಹೊರಗೆ ಹೊಲಗಳ ನಡುವೆ ಹಳೆಯ ಕೋಟೆಗೋಡೆಯ ತುಂಡುಗಳಿವೆ, ಬೆಣ್ಣೆಗುಡ್ಡವಿದೆ. ಕೆಲವೇ ಕಿಲೋಮೀಟರ್ ಆಚೆ ಹುಲಿಕೆರೆಯ ಕಲ್ಯಾಣಿ, ಸುತ್ತಲೂ ಪುಟ್ಟ ಪುಟ್ಟ ಗುಡಿಗಳಿರುವ ಮೆಟ್ಟಿಲು ಕೊಳ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ಸೈನ್ಯ ಬಂದದ್ದು ಈ ಬಯಲಿಗೆ. ಗುಡಿಯ ಕಲ್ಲಿಗೂ ಕೋಟೆಯ ಕಲ್ಲಿಗೂ ಇರುವ ಅಂತರ ಇಲ್ಲಿ ಕೈಗೆ ತಿಳಿಯುತ್ತದೆ: ಗುಡಿಯದು ಬಳಪದ ಕಲ್ಲು, ಗಣಿಯಿಂದ ಎತ್ತಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದು, ಅದಕ್ಕೇ ಶಿಲ್ಪಿಗೆ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಗುಡಿಗಳಲ್ಲಿ ಜನ ಹೆಚ್ಚು. ಕಲ್ಯಾಣಿಯ ಹತ್ತಿರ ಇಂದಿಗೂ ನೀವೊಬ್ಬರೇ ಇರಬಹುದು.

ಶೆಟ್ಟಿಹಳ್ಳಿಯ ಚರ್ಚು ಕೋಟೆಯಲ್ಲ, ಅಷ್ಟು ಹಳೆಯದೂ ಅಲ್ಲ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿ ನೀರನ್ನು ನಾವು ಹುಡುಕಬೇಕಾಗಿಲ್ಲ, ನೀರೇ ಕಟ್ಟಡವನ್ನು ಹುಡುಕಿಕೊಂಡು ಬಂದಿದೆ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಅದನ್ನು ಅರೆಬರೆ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆ ಎಂದು ಊರವರು ಹೇಳುತ್ತಾರೆ. ವರ್ಷ ವರ್ಷವೂ ನೆನೆದು ಒಣಗಿ ನಿಂತಿರುವ ಆ ಕಮಾನುಗಳ ಕೆಳಗೆ ಮಾತ್ರ ಹೋಗಬೇಡಿ, ಹೊರಗಿನಿಂದಲೇ ನೋಡಿ.

ಕೊನೆಯದಾಗಿ, ಟೇಪು ಏಕೆ ಎಂದು ಹೇಳುವುದು ಉಳಿಯಿತು. ಹೋದ ಕಡೆಯಲ್ಲೆಲ್ಲ ಒಂದು ಬಿರುಕನ್ನು ಆರಿಸಿಕೊಳ್ಳಿ. ಅದರ ಪಕ್ಕ ಟೇಪು ಹಿಡಿದು, ತಿಂಗಳು ವರ್ಷ ಬರೆದ ಚೀಟಿ ಇಟ್ಟು ಚಿತ್ರ ತೆಗೆಯಿರಿ. ಎಲ್ಲಿ ನಿಂತು ತೆಗೆದಿರಿ ಎಂಬುದನ್ನೂ ಬರೆದಿಡಿ: ಬಾಗಿಲಿನಿಂದ ಎಷ್ಟು ಹೆಜ್ಜೆ, ಯಾವ ಕಲ್ಲಿನ ಎದುರು. ಮುಂದಿನ ವರ್ಷ ಅದೇ ಜಾಗದಿಂದ ಮತ್ತೆ. ಮಂಜರಾಬಾದಿನ ಒಂದು ಮೊನೆಯ ಬಿರುಕಿನ ಚಿತ್ರ ನನ್ನ ಬಳಿ 1998ರಿಂದ ಇದೆ. ಮೊದಲ ಚಿತ್ರದಲ್ಲಿ ಟೇಪು ಹಿಡಿದಿರುವುದು ತಂದೆಯ ಕೈ, ಉಗುರಿನ ಸಂದಿನಲ್ಲಿ ಸುಣ್ಣ. ಆಗ ಅದರೊಳಗೆ ಬಳಪದ ಕಡ್ಡಿ ಹೋಗುತ್ತಿತ್ತು. ಹೋದ ನವೆಂಬರ್‌ನಲ್ಲಿ ನನ್ನ ಹೆಬ್ಬೆರಳು ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಅಳತೆ ಬರೆದು, ಸಂಬಂಧಪಟ್ಟವರಿಗೆ ಕಳುಹಿಸಿದ್ದೇನೆ. ಈ ವರ್ಷ ದೀಪಾವಳಿಯ ಮರುವಾರ ಮತ್ತೆ ಹೋಗುತ್ತೇನೆ. ಟೇಪು ಈ ಸಲ ಮಗಳ ಕೈಯಲ್ಲಿರುತ್ತದೆ.